ಹೊಸಾ ಗಾಡಿ, ಹಳೇ ನೆವ

ಎಮ್ಮಿ ಹಾಲು ಕೊಡಲಿಲ್ಲಾಂದ್ರ ಮಾರಿದಾಂವ ಸಂತ್ಯಾಗ ಮಾರಿ ಮುಚ್ಚಿಕೊಂಡು ಅಡ್ಡಾಡ್ತಾನ. ಲಕ್ಷಗಟ್ಟಲೆ ಕೊಟ್ಟು ತಂದ ಹೊಸಾ ಕಾರು ದಾರ್ಯಾಗ ನಿಂತ್ರ ಶೋರೂಮಿನವರಿಗೆ ನಾಚಿಕಿಲ್ಲ. ಉಲ್ಟಾ "ನಿಮಗ ಓಡ್ಸಾಕ ಬರಾಂಗಿಲ್ಲ" ಅಂತಾರ. ಮಾರೂ ಮುಂದ ಚಹಾ, ಹಾರ, ಫೋಟೋ. ರಿಪೇರಿಗೆ ಹೋದ್ರ "ಪಾರ್ಟ್ ಬಂದಿಲ್ಲ, ಮುಂದಿನ ವಾರ ಬರ್ರಿ". ಹಂಸಭಾವಿಯಿಂದ ಹುಬ್ಬಳ್ಳಿಗೆ ಸಾರೆಸಾರೆ ಹೋಗೂ ಖರ್ಚು ಯಾರ ಕೊಡ್ತಾರ?

ಬೈದು ಬಂದ್ರ ಉಪಯೋಗಿಲ್ರಿ. ಹೋದಾಗೊಮ್ಮೆ ಜಾಬ್ ಕಾರ್ಡ್ ಮಾಡಿಸ್ರಿ. ನೀವು ಹೇಳಿದ ದೋಷ ಹೇಳಿದಂಗ ಬರದಾರೋ ಇಲ್ಲೋ ಓದಿ ಸಹಿ ಮಾಡ್ರಿ. "ಜನರಲ್ ಚೆಕಪ್" ಅಂತ ಬರದಿದ್ರ ತಿದ್ದಿಸ್ರಿ. ನಾಳೆ ಅದ ಸಾಕ್ಷಿ. 1915ಕ್ಕ ಫೋನ್ ಹಚ್ಚಿದ್ರ ಗ್ರಾಹಕರ ಸಹಾಯವಾಣಿಯವರು ದೂರು ಬರ್ಕೋತಾರ. ಅದಕ್ಕೂ ಬಗ್ಗಲಿಲ್ಲಾಂದ್ರ ಜಿಲ್ಲಾ ಗ್ರಾಹಕರ ಆಯೋಗ ಐತಿ. 2019ರ ಕಾಯ್ದೆ ಪ್ರಕಾರ ಮಾರಿದವರ ಊರಿಗೆ ಅಲೀಬೇಕಾಗಿಲ್ಲ, ನಾವಿರೋ ಜಿಲ್ಲಾದಾಗ ದೂರು ಕೊಡಬಹುದು. ವಕೀಲರು ಬೇಕ ಬೇಕು ಅಂತಿಲ್ಲ. ಎರಡು ವರ್ಷದ ಒಳಗ ಮಾತ್ರ ಕೊಡಬೇಕು.

"ಹೋಗ್ಲಿ ಬಿಡ್ರಿ, ಅವರ ಕೂಡ ಯಾಕ ಜಗಳ" ಅನ್ನೋರಿಗೆ ಒಂದ ಮಾತು: ನಾವು ಬಿಟ್ರೂ ಬ್ಯಾಂಕಿನವರು ಬಿಡಾಂಗಿಲ್ಲ. ಗಾಡಿ ಶೆಡ್ಡಿನ್ಯಾಗ ಬಿದ್ದಿದ್ರೂ ಕಂತು ತಿಂಗಳಾ ತಿಂಗಳಾ ಓಡತೈತಿ.