ಇರುವೆಗೆ ಇಟ್ಟ ನೀರು, ಸೊಳ್ಳೆಗೆ ತೊಟ್ಟಿಲು



ಸೊಳ್ಳೆ ಅಂದರೆ ನಾವು ಚರಂಡಿಯನ್ನೇ ದೂರುತ್ತೇವೆ. ಆದರೆ ಹಗಲು ಕಚ್ಚುವ ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡೋದು ಹೆಚ್ಚಾಗಿ ನಾವೇ ತುಂಬಿಟ್ಟ ತಿಳಿನೀರಿನಲ್ಲಿ.

ಹೋದ ಮಳೆಗಾಲದಲ್ಲಿ ನಮ್ಮ ಮಗಳು ಡೆಂಗ್ಯೂ ಜ್ವರದಿಂದ ಮಲಗಿದಾಗ ನಾನೂ ಬೀದಿಯನ್ನೆಲ್ಲ ಬೈದೆ. ಮನೆಗೆ ಬಂದ ಆಶಾ ಕಾರ್ಯಕರ್ತೆ ನೇರವಾಗಿ ಹುಳುಮನೆಗೆ ಹೋಗಿ, ಇರುವೆ ಹತ್ತದಿರಲೆಂದು ಸ್ಟ್ಯಾಂಡಿನ ಕಾಲಿಗೆ ಇಟ್ಟಿದ್ದ ಬಟ್ಟಲುಗಳಿಗೆ ಟಾರ್ಚ್ ಬಿಟ್ಟರು. ಸೊಳ್ಳೆಮರಿಗಳು ಕುಣೀತಾ ಇದ್ದವು! ರಾಮನಗರದ ಮಾರುಕಟ್ಟೆಗೆ ಗೂಡು ಹಾಕಿ ಬಂದಮೇಲೆ ಆ ನೀರನ್ನು ಯಾರೂ ಚೆಲ್ಲಿರಲಿಲ್ಲ. ತಪ್ಪು ನನ್ನದೇ.

ನಮ್ಮ ಕೆಂಪಾಪುರದ ಕಡೆ ರೇಷ್ಮೆ ಸಾಕುವವರು ಹುಳುಮನೆಯಲ್ಲಿ ಸೊಳ್ಳೆ ಔಷಧಿ ಹೊಡೆಯುವ ಹಾಗಿಲ್ಲ, ರೇಷ್ಮೆಹುಳುವೂ ಸಾಯುತ್ತೆ. ನೀರು ಚೆಲ್ಲುವುದೇ ದಾರಿ.

ನಿಮ್ಮ ಮನೆಯಲ್ಲೂ ಇವನ್ನು ನೋಡಿ:

• ಫ್ರಿಜ್ಜಿನ ಹಿಂದಿನ ತಟ್ಟೆ
• ಮನಿಪ್ಲಾಂಟ್ ಬಾಟಲಿ, ಹೂಕುಂಡದ ತಟ್ಟೆ
• ಅಂಗಳದ ಒರಳುಕಲ್ಲು, ತೆಂಗಿನ ಚಿಪ್ಪು, ಹಳೇ ಟೈರು
• ಮುಚ್ಚಳವಿಲ್ಲದ ಡ್ರಮ್ಮು, ಸಿಮೆಂಟ್ ತೊಟ್ಟಿ

ಮೊಟ್ಟೆ ಸೊಳ್ಳೆಯಾಗಿ ಹಾರಲು ಸುಮಾರು ಏಳರಿಂದ ಹತ್ತು ದಿನ. ಆದ್ದರಿಂದ ವಾರಕ್ಕೊಮ್ಮೆ ಚೆಲ್ಲಿದರೆ ಸಾಕು. ಆದರೆ ಬರೀ ಚೆಲ್ಲಬೇಡಿ, ಒಳಗೋಡೆಯನ್ನು ನಾರು ಹಾಕಿ ತಿಕ್ಕಿ. ಅಂಟಿಕೊಂಡ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತೆ. ಕುಡಿಯುವ ನೀರಿನ ಪಾತ್ರೆಗೆ ಬಟ್ಟೆ ಬಿಗಿದು ಕಟ್ಟಿ.

2024ರಲ್ಲಿ ನಮ್ಮ ಸರ್ಕಾರ ಸೊಳ್ಳೆ ಬೆಳೆಯಲು ಬಿಟ್ಟ ಹಳ್ಳಿ ಮನೆಗೆ 200, ಪಟ್ಟಣದ ಮನೆಗೆ 400 ರೂಪಾಯಿ ದಂಡ ಗೊತ್ತುಮಾಡಿತು. ದಂಡ ಹಾಗಿರಲಿ, ಮಗು ಮಲಗಿದರೆ ಆ ಸಂಕಟ ತಾಯಿಗೇ ಗೊತ್ತು.

ಶುಕ್ರವಾರ ಹೊಸ್ತಿಲು ತೊಳೆಯುತ್ತೀರಲ್ಲ, ಅದೇ ಕೈಯಲ್ಲಿ ಈ ಬಟ್ಟಲು, ತಟ್ಟೆಗಳನ್ನೂ ತೊಳೆದುಬಿಡಿ.