ಕೆರೆಯ ಹಕ್ಕಿಗಳಿಂದ ಟಿಬಿ ಬರುತ್ತದೆಯೇ?

ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಕೆರೆ ಹಕ್ಕಿಗಳ ತಾಣ. 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಈ ಹಕ್ಕಿಗಳ ಹಿಕ್ಕೆಯಿಂದ ಊರಿಗೆ ಟಿಬಿ ಹರಡುತ್ತದೆಯೇ? ಇಲ್ಲ.

ಹಕ್ಕಿಗಳಿಗೂ ಕ್ಷಯ ಬರುವುದು ನಿಜ. ಆದರೆ ಅದರ ರೋಗಾಣು ಮೈಕೋಬ್ಯಾಕ್ಟೀರಿಯಂ ಏವಿಯಂ. ಮನುಷ್ಯರ ಟಿಬಿಗೆ ಕಾರಣ ಮೈಕೋಬ್ಯಾಕ್ಟೀರಿಯಂ ಟ್ಯುಬರ್‌ಕ್ಯುಲೋಸಿಸ್. ಎರಡೂ ಒಂದೇ ಕುಲದವು, ರೋಗ ಬೇರೆ. ಏವಿಯಂ ಗುಂಪಿನ ರೋಗಾಣುಗಳು ಮಣ್ಣು, ನೀರಿನಲ್ಲೂ ಇರುತ್ತವೆ. ಆರೋಗ್ಯವಂತರನ್ನು ಕಾಡುವುದು ಅಪರೂಪ. ಎಚ್‌ಐವಿ ಅಥವಾ ಹಳೆಯ ಶ್ವಾಸಕೋಶದ ಕಾಯಿಲೆ ಇರುವವರು ಮಾತ್ರ ಜಾಗ್ರತೆಯಿಂದಿರಬೇಕು.

ಹೆಚ್ಚು ಎಚ್ಚರ ಬೇಕಿರುವುದು ಕೊಟ್ಟಿಗೆಯಲ್ಲಿ. ದನಗಳ ಕ್ಷಯ ಹಸಿ ಹಾಲಿನಿಂದ ಮನುಷ್ಯರಿಗೆ ದಾಟಬಲ್ಲದು. ಹಾಲು ಉಕ್ಕುವವರೆಗೆ ಕಾಯಿಸಿದರೆ ಆ ರೋಗಾಣು ಸಾಯುತ್ತದೆ.

ಉಳಿದಂತೆ ಟಿಬಿ ಹರಡುವುದು ಹೆಚ್ಚಾಗಿ ರೋಗಿಯ ಕೆಮ್ಮಿನಿಂದ. ಎರಡು ವಾರವಾದರೂ ಕೆಮ್ಮು ನಿಲ್ಲದಿದ್ದರೆ ಹಕ್ಕಿಯನ್ನು ದೂರಬೇಡಿ, ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಪರೀಕ್ಷೆ, ಔಷಧಿ ಎರಡೂ ಉಚಿತ.