ಬೆಸುಗೆಯಿರುವ ತಾಮ್ರದೊಡವೆಗಳ ಶುದ್ಧಿ

ಮಳೆಗಾಲ ಕಳೆದು ಪೆಟ್ಟಿಗೆ ತೆರೆದಾಗ ತಾಮ್ರದ ಕಡಗ, ಉಂಗುರ, ಜುಮುಕಿಗಳ ಮೇಲೆ ಕಪ್ಪೂ ಹಸುರೂ ಕವಿದಿರುವುದನ್ನು ನಮ್ಮ ಸೀಮೆಯ ಗೃಹಿಣಿಯರೆಲ್ಲರೂ ಬಲ್ಲರು. ಕಾಪುವಿನಂಥ ಕಡಲಂಚಿನ ಊರಿನಲ್ಲಿ ಉಪ್ಪುಗಾಳಿಯ ದೆಸೆಯಿಂದ ಈ ಕಿಲುಬು ಬೇಗನೆ ಹತ್ತುವುದು. ಘಟ್ಟದ ಮಗ್ಗುಲಿನ ಕಾರ್ಕಳದಲ್ಲಿ ತುಸು ತಡವಾದೀತು, ತಪ್ಪದು. ಕೂಡಲೆ ನೆನಪಾಗುವುದು ಹುಣಸೆಹುಳಿ ಮತ್ತು ಉಪ್ಪು, ಇಲ್ಲವೆ ಹಿತ್ತಿಲ ಬಿಂಬುಳಿ. ಕೊಡಪಾನ ತಂಬಿಗೆಗಳಿಗೆ ಇವು ಸಾಕು. ಒಡವೆಗಳ ವಿಷಯದಲ್ಲಿ ಮಾತ್ರ ವಿಚಾರ ಮಾಡತಕ್ಕದ್ದು.

ಮನುಸ್ಮೃತಿಯ 5ನೆಯ ಅಧ್ಯಾಯವು ತಾಮ್ರ, ಕಬ್ಬಿಣ, ಕಂಚು, ಹಿತ್ತಾಳೆ, ತವರ, ಸೀಸಗಳನ್ನು ಒಟ್ಟಿಗೆ ಹೆಸರಿಸಿ, ಕ್ಷಾರ, ಆಮ್ಲ, ಜಲಗಳಿಂದ ಅವನ್ನು ಯಥಾರ್ಹವಾಗಿ ಶುದ್ಧಿಗೊಳಿಸಬೇಕೆಂದು ವಿಧಿಸಿದೆ. ಯಥಾರ್ಹವೆಂದರೆ ಒಂದೊಂದಕ್ಕೆ ತಕ್ಕಂತೆ. ಬೆಸುಗೆ ಹಾಕಿದ ಒಡವೆಯಲ್ಲಿ ತಾಮ್ರವೊಂದೇ ಇರುವುದಿಲ್ಲವಷ್ಟೆ. ಅಗ್ಗದ ಒಡವೆಗಳ ಮೆದುಬೆಸುಗೆಯಲ್ಲಿ ತವರವುಂಟು, ಅನೇಕ ವೇಳೆ ಸೀಸವೂ ಉಂಟು. 63 ಪಾಲು ತವರಕ್ಕೆ 37 ಪಾಲು ಸೀಸ ಕೂಡಿದರೆ ಅದು 183 ಡಿಗ್ರಿ ಸೆಂಟಿಗ್ರೇಡಿಗೇ ಕರಗುವುದು. ಅಕ್ಕಸಾಲಿಗರ ಬೆಳ್ಳಿಬೆಸುಗೆಯಾದರೋ 600 ಡಿಗ್ರಿ ದಾಟದೆ ಕರಗದು, ಹುಳಿಗೂ ಸುಲಭವಾಗಿ ಜಗ್ಗದು. ಯಾವ ಬೆಸುಗೆಯೆಂಬ ಸಂದೇಹವಿದ್ದಲ್ಲಿ ಮೆದುಬೆಸುಗೆಯೆಂದೇ ಭಾವಿಸುವುದು ಕ್ಷೇಮ.

ಎರಡು ಭಿನ್ನ ಲೋಹಗಳು ಒಂದನ್ನೊಂದು ತಾಗಿಕೊಂಡು ಹುಳಿಯುಪ್ಪಿನ ನೀರಿನಲ್ಲಿ ಮುಳುಗಿದರೆ ಅಲ್ಲಿ ಪುಟ್ಟದೊಂದು ವಿದ್ಯುತ್ಕೋಶವೇ ಏರ್ಪಡುವುದು. ಅದರಲ್ಲಿ ಮೊದಲು ಸವೆಯುವುದು ಬೆಸುಗೆ. ಪದೇ ಪದೇ ರಾತ್ರಿಯಿಡೀ ನೆನೆಹಾಕಿದ ಜುಮುಕಿಯ ಕೊಂಡಿ ಒಂದು ದಿನ ಕಳಚಿ ಬಿದ್ದರೆ ಆಶ್ಚರ್ಯವಿಲ್ಲ. ಕೊಂಡಿ ಹೋದರೆ ಹೋಗಲಿ. ಹುಳಿಯೊಡನೆ ನೀರಿಗಿಳಿಯುವ ಸೀಸವು ವಿಷ, ಎಳೆಯರಿಗಂತೂ ಬಹಳ ಕೇಡು. ಆದುದರಿಂದ ಅಡಿಗೆಯ ಪಾತ್ರೆಯಲ್ಲಿ ಈ ಕೆಲಸ ಮಾಡಕೂಡದು. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಪ್ರಾಯದ ಕೂಸಿಗೆ ಇಂಥ ಒಡವೆಯನ್ನು ಯಾರು ಪ್ರೀತಿಯಿಂದ ತಂದುಕೊಟ್ಟರೂ ತೊಡಿಸಲಾಗದು.

ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಅಂಟುವಾಳದ ನೊರೆಯಿಂದ ಮೃದುವಾಗಿ ತೊಳೆಯಿರಿ. ಎಷ್ಟೋ ಸಲ ಇಷ್ಟೇ ಸಾಕಾಗುವುದು. ಕಪ್ಪು ಉಳಿದರೆ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣನ್ನು ಅರ್ಧ ಲೋಟ ನೀರಿನಲ್ಲಿ ಕಿವುಚಿ, ಚಿಟಿಕೆ ಉಪ್ಪು ಬೆರೆಸಿ, ಕಡ್ಡಿಗೆ ಸುತ್ತಿದ ಹತ್ತಿಯಿಂದ ಬೆಸುಗೆಯನ್ನು ತಪ್ಪಿಸಿ ತಾಮ್ರದ ಮೇಲಷ್ಟೇ ಒಂದೆರಡು ನಿಮಿಷ ಉಜ್ಜಿರಿ. ಬಳಿಕ ನೀರಿನಿಂದಲೂ, ಅಡಿಗೆ ಸೋಡಾ ಕದಡಿದ ನೀರಿನಿಂದಲೂ, ಪುನಃ ನೀರಿನಿಂದಲೂ ತೊಳೆದು, ಸಂದುಗಳಲ್ಲಿ ಪಸೆ ನಿಲ್ಲದಂತೆ ಒರಸಿ ಒಣಗಿಸುವುದು. ಬೆಸುಗೆಯ ಬೂದುಬಣ್ಣ ಹಾಗೆಯೇ ಇರಲಿ. ಹವಳ, ಮುತ್ತು ಕೂರಿಸಿದ್ದರೆ ಹುಳಿಯ ಸೋಂಕೇ ಬೇಡ. ಅವು ಸುಣ್ಣದ ಜಾತಿಯವು, ಹುಳಿಗೆ ಕರಗುವುವು.

ಹೊಳಪು ನಿಲ್ಲಲೆಂದು ತೆಂಗಿನೆಣ್ಣೆ ಸವರುವುದೂ ಹಿತವಲ್ಲ. ಎಣ್ಣೆ ಹಳತಾದಂತೆ ಅದರೊಳಗಿನ ಆಮ್ಲವೇ ತಾಮ್ರಕ್ಕೆ ಹಸುರು ಹಿಡಿಸುವುದು. ಒಣಗಿದ ಅರಿವೆಯಲ್ಲಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಮುಂದಿನ ಮಳೆಗಾಲಕ್ಕೆ ಇಷ್ಟು ಶ್ರಮವಿರದು.